ಹೇಜಿ

ಫಾಲ್ಮತ್ ಬಂದರಿನ ಸುಂಕದ ಕಟ್ಟೆಯ ಮಹಡಿ.
ಎರಡು ಹಡಗು ಡಿಕ್ಕಿಯಾದ ವಿಚಾರಣೆ, ಮೂರನೆಯ ದಿನ.
ನಾನು ಬರೆದುಕೊಳ್ಳುವವನು. ಮಸಿ, ನಿಬ್ಬು, ಒತ್ತುಕಾಗದ.
ಬಾಯಿಂದ ಬಿದ್ದದ್ದನ್ನು ಕೂಡಿಸದೆ ಕಳೆಯದೆ ಇಳಿಸಿದರೆ
ತಿಂದ ಅನ್ನ ದಕ್ಕಿದಂತೆ.

ಮೇಜಿನ ಮೇಲೆ ಉಪ್ಪು ಕಚ್ಚಿದ ಲಾಗ್ ಪುಸ್ತಕ.
ಕೊನೆಯ ಸಾಲು: ಬೆಳಗಿನ ಜಾವ ನಾಲ್ಕು, ನೈರುತ್ಯದ ಗಾಳಿ,
ಹವೆ ಹೇಜಿ.
ಡಿಗರಿ ಟ್ರೆವೆನಾನ ಕೈಬರಹ ಅಲ್ಲಿಗೆ ಮುಗಿಯಿತು.

ವಕೀಲರಿಬ್ಬರು ಆ ಪದವನ್ನು
ಬಂಗಡೆ ಸೀಳಿದಂತೆ ಸೀಳಿದರು.
ಮಂಜು ಎಂದು ಬರೆದಿದ್ದರೆ ಕೊಂಬು ಊದಲೇಬೇಕಿತ್ತು,
ಕಾಯಿದೆ ಇದೆ. ಹೇಜಿಗೆ ಕಾಯಿದೆ ಎಲ್ಲಿದೆ?
ಮಂಜಿನಲ್ಲಿ ಕಾಣುವುದಿಲ್ಲ. ಹೇಜಿಯಲ್ಲಿ ಕಾಣುತ್ತದೆ,
ಏನು ಅಂತ ಹೇಳಲಾಗದು, ಅಷ್ಟೇ.

ನ್ಯಾನ್ಕಿವೆಲ್ ಮೇಷ್ಟ್ರು ನಿಘಂಟು ತಂದರು,
ಕಂಕುಳಲ್ಲಿ ಕೂಸಿನಂತೆ.
ನಾವಿಕರ ಮಾತು ಸ್ವಾಮಿ, ಮುನ್ನೂರು ವರ್ಷ ಆಗುತ್ತ ಬಂತು
ಹಡಗಿನಿಂದ ದಡಕ್ಕಿಳಿದು.
ಹುಟ್ಟಿಸಿದವರು ಯಾರು, ಗೊತ್ತಿಲ್ಲ.
ಜರ್ಮನರ ಮೊಲವೊಂದನ್ನು ಕೆಲವರು ಬೆರಳಿಟ್ಟು ತೋರಿಸುತ್ತಾರೆ,
ಹೊಲದ ಮೇಲೆ ಹಬೆಯೆದ್ದರೆ ಮೊಲ ಒಲೆ ಹಚ್ಚಿದೆ ಅನ್ನುತ್ತಾರಂತೆ ಅಲ್ಲಿ.
ಕೆಲವರು ಬೂದುಬಣ್ಣದ ಒಂದು ಹಳೆಯ ಪದ ಅನ್ನುತ್ತಾರೆ.
ಈ ಪುಸ್ತಕ ಮಾತ್ರ, ಮೂಲ ತಿಳಿಯದು, ಎಂದು ಕೈ ತೊಳೆದಿದೆ.
ಆಮೇಲೆ ಪದ ಆಕಾಶ ಬಿಟ್ಟು ತಲೆಯೊಳಕ್ಕೆ ಬಂತು.
ನೆನಪು ಹೇಜಿ, ಲೆಕ್ಕ ಹೇಜಿ,
ನಾಲ್ಕು ಲೋಟ ರಮ್ ಇಳಿಸಿದವನಿಗೆ ತನ್ನ ಮನೆಯ ಬಾಗಿಲೂ ಹೇಜಿ.

ಯಾರೋ ನಕ್ಕರು.
ನಗುವನ್ನೂ ಬರೆದುಕೊಂಡೆ, ಆಮೇಲೆ ಹೊಡೆದುಹಾಕಿದೆ.

ಲವ್‌ಡೇ ಟ್ರೆವೆನಾ ಎದ್ದು ನಿಂತಳು.
ಕೈಯಲ್ಲಿ ಹಿಮ್ಮಡಿಯವರೆಗೆ ಹೆಣೆದ ಕಾಲುಚೀಲ.
ಲಾಗ್ ನೋಡಿ ಲೆಕ್ಕ ಬರೆಯುವವಳು ನಾನೇ, ಎಂದಳು.
ಮದುವೆಯಾದ ವರ್ಷ ಪುಟದ ತುಂಬ ಮಂಜು, ಮಂಜು.
ಓದಿ ನನಗೆ ಅನ್ನ ಸೇರುತ್ತಿರಲಿಲ್ಲ.
ಆಮೇಲೆ ಎಂಟು ವರ್ಷ
ಎಲ್ಲವೂ ಹೇಜಿ.
ಬಸುರಿ ಅಂತ ಬರೆಯುತ್ತಿದ್ದರೇನೋ ಅಂದುಕೊಂಡೆ ನಾನು,
ನನ್ನ ಹತ್ತಿರ.

ಹಾಗಾದರೆ ಅವತ್ತು ಮಂಜಿತ್ತು? ವಕೀಲರು ಮುಂದೆ ಬಾಗಿದರು.

ಅವಳು ಸೂಜಿಯಿಂದ ಜಾರಿದ ಒಂದು ಹೊಲಿಗೆಯನ್ನು
ಮತ್ತೆ ಎತ್ತಿಕೊಂಡಳು.
ನಾನು ಅಡುಗೆಮನೆಯಲ್ಲಿದ್ದೆ ಸ್ವಾಮಿ. ಕಿಟಕಿ ಮುಚ್ಚಿತ್ತು.

ಸಾಕ್ಷಿಯ ಉತ್ತರ, ಎಂದು ಬರೆದು, ಅವಳ ಮಾತನ್ನು ಇಳಿಸಿ,
ಒತ್ತುಕಾಗದ ಒತ್ತಿದೆ.
ಹಗಲಿಡೀ ಆಡಿದ ಆ ಪದ ಅದರ ಮೇಲೆ ಹದಿನೈದು ಕಡೆ
ಬಲದಿಂದ ಎಡಕ್ಕೆ ಮೂಡಿತ್ತು.
ಕನ್ನಡಿ ಹಿಡಿದರೆ ಓದಬಹುದಿತ್ತು.
ಸಂಜೆಯ ಕಸದ ಬುಟ್ಟಿಗೆ ಹಾಕಿ, ಹ್ಯಾಟು ಹುಡುಕಿದೆ.