ಏಳನೇ ಮೆಟ್ಟಿಲು

ಹಗಲೆಲ್ಲ ಗಂಗೋತ್ರಿಯ ಲ್ಯಾಬಿನಲ್ಲಿ
ಬೀಗ ಜಡಿದ ಚಿಪ್ಪಿನ ನಾಡಿ ಹಿಡಿದು ಕೂರುತ್ತೇನೆ.
ಯಾರ್ಯಾರದೋ ಆಸ್ಪತ್ರೆ ಲೆಕ್ಕ ಅದರೊಳಗೆ,
ಯಂತ್ರದ ಯಜಮಾನನಿಗೂ ಆ ಕೋಣೆ ತೆರೆಯದು.
ಬಾಯಿ ಬಿಡುವುದಿಲ್ಲ. ಆದರೆ ಯಾವುದೋ ಗುಣಾಕಾರದಲ್ಲಿ
ಕೂದಲೆಳೆಯಷ್ಟು ತಡವರಿಸುತ್ತದೆ.
ಅಷ್ಟು ಸಾಕು, ಕೀಲಿ
ಅಂಕಿ ಅಂಕಿಯಾಗಿ ಕೈಗೆ ಉದುರುತ್ತದೆ.

ರಾತ್ರಿ, ಒಂಟಿಕೊಪ್ಪಲಿನ ಬಾಡಿಗೆ ಮಹಡಿ.
ಕೆಳಗಡೆ ಚೆಲುವಾಜಮ್ಮಣ್ಣಿ, ಎರಡೂ ಕಣ್ಣಿಗೆ ಪೊರೆ,
ಮಂಚದಿಂದಲೇ:
"ಏಳನೇ ಮೆಟ್ಲಲ್ಲಿ ನಿಂತ್ಕೋತೀಯಲ್ಲ ಈಚೆಗೆ,
ಯಾವ ಡಾಕ್ಟ್ರಿಗೆ ತೋರಿಸ್ದೆ?"

ಬ್ಯಾಗಿನಲ್ಲಿ ಎಕೋ ರಿಪೋರ್ಟು, ನಾಲ್ಕು ಮಡಿಕೆ.
ಮನೆಗೂ ಹೇಳಿಲ್ಲ.

ಈಗ ಚಿಪ್ಪಿಗೆ ಬರೆದ ಮದ್ದನ್ನೇ ನಾನೂ ಕುಡಿಯುತ್ತಿದ್ದೇನೆ:
ಒಂದೊಂದು ಮೆಟ್ಟಿಲಲ್ಲೂ ಅಷ್ಟಷ್ಟೇ ಹೊತ್ತು ನಿಂತು
ಹತ್ತುತ್ತೇನೆ, ಏಳನೆಯದು ಗುರುತು ಸಿಗದ ಹಾಗೆ.
ಆಕೆ ಏನೂ ಕೇಳುವುದಿಲ್ಲ.
ಹದಿನಾಲ್ಕಾಗಿ, ನನ್ನ ಚಿಲಕ ಬಿದ್ದ ಮೇಲೆಯೇ
ಕೆಳಗಿನ ದೀಪ ಆರುತ್ತದೆ.