ಹಿಂಬಾಗಿಲ ಅಳತೆ

ಪಾಲಿಬೆಟ್ಟದ ಹಳೇ ದೊರೆಬಂಗಲೆ ಅಳೆಯಲು ಹೋದೆ,
ಟೇಪಿನ ಆ ತುದಿ ಹಿಡಿದವಳು ಬೊಳಚಿ.
ಎದುರುಬಾಗಿಲು: ಎಂಟಡಿ. ತೇಗದ್ದು.
ಹಿತ್ತಾಳೆ ಚಿಲಕ ಈಗಲೂ ಮುಟ್ಟಿದರೆ ಗದರುವ ಹಾಗೆ ತಣ್ಣಗೆ.
ಹೆಂಚು ಮಗುಚಿದರೆ ಮಂಗಳೂರಿನ ಮುದ್ರೆ,
ಅಗ್ಗಿಷ್ಟಿಕೆಯ ಗೂಡಿನಲ್ಲಿ ಬಾವಲಿಗಳ ಸಂಸಾರ.
ಬರೆದುಕೊಂಡೆ ಎಲ್ಲ:
ಗಾರೆಯ ದಪ್ಪ, ಕಮಾನಿನ ಬಾಗು,
ದೊರೆ ಕುಳಿತು ಬೆಟ್ಟ ಎಣಿಸುತ್ತಿದ್ದ ಜಗಲಿಯ ಉದ್ದ.

"ಇದನ್ನೂ ಅಳೀರಿ" ಅಂದಳು.

ಅಡುಗೆಕೋಣೆಯ ಹಿಂದೆ
ಬಚ್ಚಲಿಗೆ ತೆರೆವ ಸಣ್ಣ ಬಾಗಿಲು.
ಐದಡಿಗೆ ಒಂದಿಂಚು ಕಮ್ಮಿ.
ನಾನು ಹಣೆ ಹೊಡೆಸಿಕೊಂಡೆ;
ಬೊಳಚಿ ಬಗ್ಗಿದ್ದು ಯಾವಾಗ, ಕಾಣಲೇ ಇಲ್ಲ.
"ನಮ್ಮಜ್ಜಿ ಬಿಸಿನೀರು ಹೊತ್ತದ್ದು ಇಲ್ಲೇ.
ದೊರೆ ಮೀಯಲಿಕ್ಕೆ ದಿನಾ ಹನ್ನೆರಡು ಕೊಡ."

ಎದುರಿನ ಮೆಟ್ಟಿಲು ನಿನ್ನೆ ಕಡೆದಿಟ್ಟಂತಿದೆ.
ಇಲ್ಲಿ ಕಲ್ಲು ತಟ್ಟೆಯಾಗಿದೆ,
ನಡುವೆ ಎರಡಿಂಚು ತಗ್ಗು.
ರಾತ್ರಿಯ ಹೂಮಳೆ ನಿಂತಿದೆ ಅದರಲ್ಲಿ,
ಅಂಚಿಗೆ ಕೂತು ಒಂದು ಜೇನುಹುಳ ಕುಡಿಯುತ್ತಿದೆ.

ಫಾರಂನಲ್ಲಿ ಒಂದು ಕಾಲಂ: ಹಾನಿ.
ಪಕ್ಕದಲ್ಲಿ: ದುರಸ್ತಿಯ ಅಂದಾಜು ವೆಚ್ಚ.
ಪೆನ್ನು ಎತ್ತಿದೆ. ಇಳಿಸಿದೆ.
ತೋಟದಲ್ಲಿ ಮೊಗ್ಗು ಇನ್ನೂ ಬಿರಿದಿಲ್ಲ.

"ಆಯ್ತಾ?" ಎಂದು ಕೇಳಿ
ಬೊಳಚಿ ತನ್ನ ತುದಿ ಬಿಟ್ಟುಬಿಟ್ಟಳು.
ಸರ್ರನೆ ಬಂದು ಕೈಗೆ ಬಡಿಯಿತು ಟೇಪು.