ತಾರ್ಲೆ, ಬಂಗಡೆ, ಇಸವಾಣ

ನಾಲ್ಕು ವರ್ಷ ನಮ್ಮ ಅಂಗಡಿಗೆ ಎರಡು ಚಕ್ರ ಇತ್ತು.
ಲವೀನಾಳ ಸ್ಕೂಟರಿನ ಹಿಂದೆ ಕಟ್ಟಿದ ಟ್ರಂಕು,
ಕೋಡಿಬಾಗದಿಂದ ಸದಾಶಿವಗಡ. ಸೇತುವೆಯ ಗಾಳಿಗೆ ಹಾರಿ
ಕುರ್ತಾವೊಂದು ಕಾಳಿ ನದಿಗೆ ಬಿತ್ತು.
ಯಾರು ತೊಟ್ಟರೋ, ಲೆಕ್ಕದ ಪುಸ್ತಕದಲ್ಲಿ ಅದು
ಇನ್ನೂ ಉದ್ರಿ.

ಈಗ ಬೈತಖೋಲದ ದಾರಿಯಲ್ಲಿ ಒಂದು ಬಾಗಿಲು.
ಮೊದಲು ಐಸ್ ಮಾರುತ್ತಿದ್ದ ಕೋಣೆ; ಗೋಡೆಯ ಉಪ್ಪುಬೆವರು
ಮೂರು ಸಲ ಸುಣ್ಣ ಕುಡಿದರೂ ಆರಲಿಲ್ಲ.
ಬಟ್ಟೆಗೆ ಇದು ಜಾಗವೇ? ಎಂದರು ಮಾಲಕ ಕೊಠಾರಕರ,
ಮುಂಗಡ ಎಣಿಸುತ್ತಲೇ.

ಹೆಸರು ಕುರ್ಲಿ. ಏಡಿ ಅಂದರೂ ಆಗುತ್ತಿತ್ತು,
ಆದರೆ ಮನೆಯಲ್ಲಿ ಅದು ಕುರ್ಲಿಯೇ, ಸಾರಿನಲ್ಲೂ ಕುರ್ಲಿಯೇ.
ಅಡ್ಡ ನಡೆಯುತ್ತದೆ, ಹಿಡಿದದ್ದು ಬಿಡುವುದಿಲ್ಲ,
ಬ್ಯಾಂಕಿನವರಿಗೆ ಇಷ್ಟೆಲ್ಲ ವಿವರಿಸಿದೆವು.
ಅವರು ಸಾಲ ಕೊಡಲಿಲ್ಲ.

ಬೋರ್ಡು ಬರೆದವ ಪುರ್ಸು ಪೇಂಟರ್.
ಬೆಳಕು ಹೋಗುತ್ತಿತ್ತು, ಅವನ ದುಡ್ಡೂ ಪೂರ್ತಿ ಕೊಟ್ಟಿರಲಿಲ್ಲ,
ಎರಡರಲ್ಲಿ ಯಾವ ಕಾರಣಕ್ಕೋ
ಕುರ್ಲಿಗೆ ಒಂಬತ್ತೇ ಕಾಲು.

ತೆರೆದ ದಿನ ನೆಂಟರು, ಪೇಡೆ, ಗೊಂಡೆ ಹೂವು.
ಮರುದಿನ ನಾವಿಬ್ಬರು, ಒಂದು ನೊಣ.
ಮೂರನೆಯ ದಿನ ಮೀನುಬುಟ್ಟಿ ಹೊತ್ತೇ ಹೊಸ್ತಿಲಿಗೆ ಬಂದು
ಶೇವಂತಿ ತಾಂಡೇಲ ಕೇಳಿದಳು:
“ಒಂದು ಕಾಲು ಎಲ್ಲೇ ಮಾರಾಯ್ತಿ? ನೀವೇ ತಿಂದಿರಾ?”

ಆಮೇಲೆ ದಿನಕ್ಕೊಬ್ಬರು ಕಾಲಿನ ದೂರು ತಂದರು.
ಬಂದರದ ಹಮಾಲಿ, ನರ್ಸಿಂಗ್ ಕಲಿಯುವ ಹುಡುಗಿಯರು,
ಪಿಂಚಣಿ ಕಚೇರಿಗೆ ಬಂದು ಊಟದ ಬಿಡುವಿಗೆ ಸಿಕ್ಕಿಬಿದ್ದ ಮೇಷ್ಟರು.
ದೂರು ಹೇಳಲು ಒಳಗೆ ಬರಬೇಕು,
ಬಂದರೆ ಫ್ಯಾನಿನ ಕೆಳಗೆ ಕೂರಬೇಕು,
ಕೂತರೆ ಎದುರಿಗೇ ನಿಲುಗನ್ನಡಿ.

ಶೇವಂತಿ ಅದಕ್ಕೆ ಬೆನ್ನು ಹಾಕಿಯೇ ಕೇಳಿದ್ದು,
ನನ್ನ ಅಳತೆಯದು ಇದೆಯೇನೇ, ಇರಲಿಕ್ಕಿಲ್ಲ ಬಿಡು.
ಚೀಟಿಯ ಮೇಲಿನ ಎಕ್ಸ್‌ಗಳನ್ನು ಎಣಿಸಿ ಹೇಳಲು
ನನಗೇ ನಾಲಗೆ ಬರಲಿಲ್ಲ.
ಲವೀನಾ ಕತ್ತರಿಯಿಂದ ತಲೆ ಎತ್ತದೆ ಅಂದಳು:
“ಅಕ್ಕಾ, ನಿಮ್ಮದು ಇಸವಾಣ.”

ಅಂದೇ ಹಳೆಯ ಚೀಟಿ ಹರಿದೆವು.
ಸಪೂರದವರು ತಾರ್ಲೆ, ನಡುವಿನವರು ಬಂಗಡೆ,
ತುಂಬಿದವರು ಇಸವಾಣ, ಮಕ್ಕಳ ಅಂಗಿ ಸಿಗಡಿ.
ತಿಮಿಂಗಿಲವನ್ನೂ ಇಡಿ ಎಂದ ಹುಡುಗನನ್ನು
ಹೊರಗೆ ಕಳಿಸಿದೆವು.
ಯಾವುದಕ್ಕೆ ಎಷ್ಟು ಬೆಲೆ, ಪೇಟೆಗೆ ಕಲಿಸಬೇಕೇ?
“ಮದುವೆಗೆ ತಾರ್ಲೆ ಇದ್ದೆ,” ಎನ್ನುತ್ತಾರೆ ಈಗ, ಜೋರಾಗಿಯೇ,
“ಎರಡು ಹೆತ್ತೆ, ರೇಟು ಏರಿತು.”

ಜೂನಿನಲ್ಲಿ ದೋಣಿಗಳು ದಡ ಸೇರಿದವು. ಎರಡು ತಿಂಗಳು ಬಂದ್.
ಮೀನಿಲ್ಲದ ಊರಲ್ಲಿ ಅಂಗಿ ಯಾರಿಗೆ?
ಬಾಡಿಗೆಗೆ ಲವೀನಾಳ ಬಳೆ ಹೋಯಿತು. ಅವಳು ಹೇಳಲಿಲ್ಲ;
ಬಟ್ಟೆ ಕತ್ತರಿಸುವಾಗ ಸದ್ದಿರಲಿಲ್ಲ.

ಆ ಮಳೆಯಲ್ಲೇ ಜಾನು ದುರ್ಗೇಕರ ಬಲೆ ಹೊತ್ತು ಬಂದ,
ಮನೆ ಸೋರುತ್ತದೆ, ಇಲ್ಲಿ ಕೂತು ಹೆಣೆಯಲೇ ಎಂದು.
ಹಿಂದೆ ಅವನ ದೋಣಿಯ ನಾಲ್ವರು.
ಬಾಡಿಗೆಗೆ ಬಂದ ಕೊಠಾರಕರು ಚಹಾ ಕುಡಿದು,
ನೈಲಾನ್ ದಾರದ ಬೆಲೆಗೆ ಜಗಳವಾಡಿ,
ಬಾಡಿಗೆ ಮರೆತು ಹೋದರು.
ಮರುದಿನ ನೆನಪಿಸಿಕೊಂಡರು.

ಒಂದು ಮಧ್ಯಾಹ್ನ ಜಾನು, ಕೇಳದೆ, ಹೇಳದೆ,
ಗೂಟದ ಮೇಲಿನ ಅಂಗಿ ಇಳಿಸಿ
ಎದೆಯ ಮೇಲೆ ಅಚ್ಚಾದ ಒಂಬತ್ತು ಕಾಲಿನ ಕುರ್ಲಿಗೆ
ಬಲೆಯ ಹಸಿರು ದಾರದಲ್ಲಿ ಹತ್ತನೆಯದನ್ನು ಹೊಲಿದ.
ಎಳೆದು ನೋಡಿದೆವು. ಬಟ್ಟೆ ಹರಿದೀತು,
ಆ ಗಂಟು ಬಿಚ್ಚದು.

ಅಂದಿನಿಂದ ಅಚ್ಚಿನಲ್ಲಿ ಒಂಬತ್ತೇ.
ಹತ್ತನೆಯದು, ಆ ಹೊತ್ತು ಬೆಂಚಿನಲ್ಲಿ ಯಾರಿದ್ದಾರೋ ಅವರದು.
ಮೇಷ್ಟರ ಕಾಲು ಗೆರೆ ಹೊಡೆದಂತೆ ನೆಟ್ಟಗೆ,
ನರ್ಸ್ ಹುಡುಗಿಯದು ಗಾಯದ ಹೊಲಿಗೆ,
ಶೇವಂತಿಯದು ಪಕ್ಕೆ ದಾಟಿ ಬೆನ್ನಿಗೇ ಹೋಗುತ್ತದೆ.
ಎಲ್ಲ ಒಂದೇ ತರ ಕೊಡಲಾಗದೇ, ಎಂದು
ಮುಂಬಯಿಯಿಂದ ಫೋನು.

ಬಾಕಿ ತೀರಿದ ದಿನ ಪುರ್ಸು ಏಣಿ ತಂದ,
ಬೋರ್ಡಿನ ಕಾಲು ಬರೆದುಬಿಡುತ್ತೇನೆ ಎಂದು.
ಕುಂಚ ಅದ್ದಿದ್ದ.
“ಇಳಿಯೋ,” ಎಂದಳು ಶೇವಂತಿ, ಬುಟ್ಟಿ ಇಳಿಸದೆ,
“ಅದೂ ಬಂದರೆ ನಾಳೆ ನಾನು
ಯಾವ ನೆವದಲ್ಲಿ ಬರಲಿ?”